ಒತ್ತಿದ್ದು ಒಂದೇ ಸಲ

ಅಕ್ಕೋರ ಬಲಗೈ ತೋರುಬೆರಳು ಸದಾ ಅವರ ಎಡಗೈ ಮುಷ್ಟಿಯೊಳಗೆ ಇರುತ್ತಿತ್ತು. ಪ್ರಾರ್ಥನೆಗೆ ನಿಂತಾಗ, ಬಸ್ಸಿಗೆ ಕಾಯುವಾಗ, ಸ್ಟಾಫ್ ರೂಮಿನಲ್ಲಿ ಚಹಾ ಆರಲೆಂದು ಕೂತಾಗ, ಸಂತೆಯಲ್ಲಿ ತಾಯಿ ಮಗುವಿನ ಕೈ ಹಿಡಿದಿರುವಂತೆ ಅವರು ಆ ಬೆರಳನ್ನು ಹಿಡಿದುಕೊಂಡಿರುತ್ತಿದ್ದರು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ಬಿಳಿ ಗೆರೆ. ಎಷ್ಟು ತೊಳೆದರೂ ಹೋಗದ್ದು. ಅದು ಅವರ ಅಭ್ಯಾಸವೆಂದು ನಾನು ಬಹಳ ದಿನ ತಿಳಿದಿದ್ದೆ. ಹೆದರಿಕೆಯೆಂದು ಗೊತ್ತಾಗಿದ್ದು ತಡವಾಗಿ.

ನ್ಯಾಮತಿಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಲೆಕ್ಕದ ಅಕ್ಕೋರು, ನಾನು ಹೊಲಿಗೆ ಟೀಚರು. ಸಂತೆ ಮೈದಾನದ ಹಿಂದಿನ ಮನೆಯೊಂದರಲ್ಲಿ ಮುಂದಿನ ಕೋಣೆ ನನಗೆ, ಹಿಂದಿನದು ಅವರಿಗೆ. ಜಗಲಿ ಇಬ್ಬರದು. ಅವರ ಊರು ಜಗಳೂರು ಕಡೆಯ ಸೊಕ್ಕೆ. ಮದುವೆಯಾದ ವರ್ಷವೇ ಗಂಡ ತೀರಿಕೊಂಡು ಅಣ್ಣನ ಮನೆಗೆ ಮರಳಿ ಬಂದವರು, ಅಲ್ಲಿ ರೊಟ್ಟಿ ತಟ್ಟುತ್ತ, ಎಮ್ಮೆ ನೋಡಿಕೊಳ್ಳುತ್ತ ಓದಿ ಕೆಲಸ ಹಿಡಿದಿದ್ದರು. ಅಣ್ಣ ಕೆಟ್ಟವನೇನಲ್ಲ, ಹಬ್ಬಕ್ಕೆ ಸೀರೆ ಕಳಿಸುತ್ತಿದ್ದ. ಆದರೆ ಆ ಮನೆಯಲ್ಲಿ ಕೂರಬೇಕಾದರೂ ಯಾರದೋ ಮುಖ ನೋಡಿ ಕೂರಬೇಕಿತ್ತಂತೆ.

"ಬಾಕಿ ಏನಾದ್ರೂ ಆಗ್ಲಿ ತಂಗಿ, ಅಲ್ಲಿಗೆ ವಾಪಸ್ ಹೋಗೋ ಹಂಗೆ ಮಾತ್ರ ಆಗಬಾರದು" ಎನ್ನುತ್ತಿದ್ದರು. ಅವರ ಎಲ್ಲ ಹೆದರಿಕೆಗಳ ಬುಡ ಇದೊಂದೇ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಾಣುತ್ತಿದ್ದದ್ದು ಅದರ ಟೊಂಗೆಗಳು ಮಾತ್ರ.

ಬೆಳಿಗ್ಗೆ ಶಾಲೆಗೆ ಹೊರಡುವುದೇ ಒಂದು ಕೆಲಸ. ಬೀಗ ಹಾಕಿ ಎಳೆದು ನೋಡುವರು. ಗೇಟಿನ ತನಕ ಬಂದು ವಾಪಸ್ ಹೋಗಿ ಮತ್ತೆ ಎಳೆಯುವರು. ನಾನು ಎರಡೂ ಊಟದ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತಿರುತ್ತಿದ್ದೆ.

"ತಂಗಿ, ಸ್ಟೋ ಆರಿಸಿದ್ನಾ?"

"ಆರಿಸಿದ್ರಿ ಅಕ್ಕ. ನಾನೇ ನೋಡಿದೆ."

"ನೀ ನೋಡಿದ್ದು ಇವತ್ತಿಂದಾ, ನಿನ್ನೇದಾ?"

ಒಮ್ಮೊಮ್ಮೆ ನನಗೇ ಅನುಮಾನ ಹತ್ತಿ ಇಬ್ಬರೂ ಹೋಗಿ ನೋಡಿ ಬರುತ್ತಿದ್ದೆವು. ಎದುರು ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಇನ್ನೊಂದ್ಸಲ ಹೋಗಿಬರ್ರೇ, ಬೀಗಕ್ಕೆ ಬೇಜಾರಾದೀತು" ಎನ್ನುತ್ತಿತ್ತು.

ಇಂಥವರ ಕೈಗೆ ಸರ್ಕಾರ ಕಂಪ್ಯೂಟರ್ ಕೊಟ್ಟಿತು.

ಎಂಬತ್ತರ ದಶಕದ ನಡುವಿನ ಮಾತು. ಶಿವಮೊಗ್ಗೆಯಿಂದ ವ್ಯಾನಿನಲ್ಲಿ ಎರಡು ಬಂದವು. ಟೀವಿಯಂಥದ್ದೊಂದು, ಅದರ ಮುಂದೆ ಗುಂಡಿಗಳ ಹಲಗೆ, ಪಕ್ಕದಲ್ಲಿ ಹಾಡು ಕೇಳುವಂಥದೇ ಒಂದು ಟೇಪ್ ರೆಕಾರ್ಡರ್. ಕ್ಯಾಸೆಟ್ಟಿನಲ್ಲಿ ಹಾಡಿನ ಬದಲು ಪ್ರೋಗ್ರಾಂ. ಹಳೇ ನಕ್ಷೆಗಳ ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಹಾಕಿಸಿ, ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದದ್ದಾಯಿತು. ಕಾಯಿ ನೀರು ಸಿಡಿದೀತೆಂದು ಅಕ್ಕೋರು ತಮ್ಮ ಸೆರಗನ್ನೇ ಗುಂಡಿಗಳ ಮೇಲೆ ಹೊದಿಸಿ ನಿಂತಿದ್ದರು. ಪರದೆಗಳನ್ನು, ಧೂಳು ಕೂರದಂತೆ ಹೊದಿಸುವ ಗೌಸುಗಳನ್ನು ಹೊಲಿದವಳು ನಾನು. ನೀಲಿ ಬಟ್ಟೆ, ಅಂಚಿಗೆ ಹಳದಿ ಪಟ್ಟಿ. ಒಳಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿರಲಿಲ್ಲ. ಭಾಷಣದಲ್ಲಿ ಅದನ್ನು "ಗಣಕಯಂತ್ರ" ಎನ್ನುತ್ತಿದ್ದ ಹೆಡ್‌ಮಾಸ್ಟರು ಉಳಿದ ಹೊತ್ತೆಲ್ಲ "ಆ ಪೆಟ್ಟಿಗೆ" ಎನ್ನುತ್ತಿದ್ದರು.

ಲೆಕ್ಕದವರೆಂದು ತರಬೇತಿಗೆ ಅಕ್ಕೋರನ್ನೇ ಕಳಿಸಿದರು. ಬೇಸಿಗೆ ರಜೆಯೆಲ್ಲ ಮೈಸೂರಿನಲ್ಲಿ ಕಳೆದು ಬಂದ ದಿನವೇ ನನ್ನ ಕೋಣೆಗೆ ಬಂದು ಕೂತು, "ಕಲಿಯಾಕೆ ಹೆದರಿಕೆ ಇಲ್ಲ ತಂಗಿ. ಕೆಟ್ಟುಹೋದ್ರೆ ಯಾರ ತಲೆ ಮೇಲೆ ಬರ್ತೈತೆ ಹೇಳು" ಎಂದರು.

ಮೊದಲ ಕ್ಲಾಸಿನ ದಿನ ನಾನೂ ಗೌಸು ತೆಗೆಯಲೆಂದು ಅಲ್ಲಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯರು ಬರಿಗಾಲಲ್ಲಿ ಸಾಲಾಗಿ ಬಂದರು. ತಮ್ಮ ಹೆಸರಿನ ಮೊದಲ ಅಕ್ಷರ ಒತ್ತಬೇಕಿತ್ತು. ಮೊದಲನೆಯವಳು ಗುಂಡಿಯ ಮೇಲೆ ಬೆರಳಿಟ್ಟು, ಅದಕ್ಕೆ ನೋವಾಗದಿರಲಿ ಎಂಬಂತೆ ಮೆಲ್ಲಗೆ ಒತ್ತಿ, ಬಂತೋ ಇಲ್ಲವೋ ಎಂದು ಟೀವಿಯ ಪರದೆ ನೋಡುತ್ತ ಹಾಗೇ ಹಿಡಿದುಕೊಂಡಳು. ಒಂದು ಅಕ್ಷರ ಬಂತು. ಒಂದು ಕ್ಷಣ ತಡೆದು, ಅದರ ಹಿಂದೆಯೇ ಸಾಲುಗಟ್ಟಿ ಅದೇ ಅಕ್ಷರ ಓಡತೊಡಗಿತು. ಹುಡುಗಿ ಕಿರುಚಿದಳು. ಹೆದರಿಕೆಗೆ ಬೆರಳು ಇನ್ನೂ ಗಟ್ಟಿಯಾಗಿ ಒತ್ತಿತು.

"ಅಕ್ಕೋರೆ, ತಾನೇ ಹೊಡಕಳ್ತಾ ಐತ್ರೀ!"

"ಶಾವಿಗೆ ಒರಳು ಒತ್ತಿದಂಗೆ ಬರ್ತೈತೆ ಕಣ್ರೇ, ತಟ್ಟೆ ಹಿಡೀರಿ!" ಎಂದಳು ಕೊನೆಯಲ್ಲಿ ನಿಂತ ಒಬ್ಬ ಉದ್ದ ಜಡೆಯವಳು. ಎಲ್ಲರೂ ನಕ್ಕರು. ಬಾಗಿಲಲ್ಲಿದ್ದ ಹೆಡ್‌ಮಾಸ್ಟರು, "ಕೆಡಿಸಿದ್ರೇನಮ್ಮಾ? ಮೊದಲ ದಿನಾನೇ?" ಎಂದರು.

ಅಕ್ಕೋರ ಮುಖ ಬಿಳಿಚಿಹೋಗಿತ್ತು. ಆದರೆ ಲೆಕ್ಕ ಹೇಳುವಾಗ ಮಾತ್ರ ಅವರ ದನಿ ನಡುಗುತ್ತಿರಲಿಲ್ಲ. ಗುಂಡಿಯ ಮೇಲೆ ಬೆರಳು ಸ್ವಲ್ಪ ಹೊತ್ತು ಹೆಚ್ಚು ನಿಂತರೆ, ಇವರಿಗೆ ಇದೇ ಅಕ್ಷರ ಬೇಕೇನೋ ಎಂದುಕೊಂಡು ಯಂತ್ರ ಅದನ್ನೇ ಮತ್ತೆ ಮತ್ತೆ ಹಾಕುತ್ತದೆ. ಗೆರೆ ಎಳೆಯುವವರಿಗೆ ಅದು ಅನುಕೂಲ, ಹೊಸಬರಿಗೆ ಕಾಟ ಎಂದು ತಿಳಿಸಿದರು. ಆಮೇಲೆ ಉದ್ದ ಜಡೆಯವಳ ಕಿವಿ ಹಿಂಡಿ, "ಶಾವಿಗೆ ಮಾಡಾಕೆ ಬಂದಿಲ್ಲ ನೀನು. ಮುಟ್ಟು, ಬಿಡು. ಕಾದ ಹಂಚು ಮುಟ್ಟಿದಂಗೆ" ಎಂದರು.

ಕಾದ ಹಂಚು ಎಂದ ಮೇಲೆ ಹುಡುಗಿಯರಿಗೆ ತಿಳಿಯಿತು.

ಅಕ್ಷರ ಒತ್ತಿಸಿದರೆ ಸಾಲದು, ಹುಡುಗಿಯರಿಗೆ ಇಷ್ಟವಾಗುವಂಥದ್ದೇನಾದರೂ ಬೇಕು ಎಂದು ಅವರು ನನ್ನ ಕ್ರಾಸ್ ಸ್ಟಿಚ್ ಮಾದರಿಗಳನ್ನು ತೆಗೆದುಕೊಂಡು ಹೋದರು. ಚೌಕುಳಿ ಹಾಳೆಯ ಮೇಲೆ ಒಂದೊಂದು ಮನೆ ತುಂಬಿ ಗಿಳಿ, ಹೂವು, ಹಂಸ ಮಾಡುವ ಮಾದರಿಗಳು. ಪರದೆಯ ಮೇಲೆ ಅದೇ ರೀತಿ ಚೌಕುಳಿ ಹಾಕಿ, ಬಾಣದ ಗುರುತಿನ ಗುಂಡಿ ಒತ್ತಿದರೆ ಒಂದು ಸಣ್ಣ ಚೌಕ ಒಂದು ಮನೆ ಸರಿಯುವಂತೆ, ಕೆಳಗಿನ ಉದ್ದ ಗುಂಡಿ ಒತ್ತಿದರೆ ಆ ಮನೆಗೆ ಬಣ್ಣ ತುಂಬುವಂತೆ ಒಂದು ಪ್ರೋಗ್ರಾಂ ಬರೆದರು. ನಾನು ನೋಡಿ ಬೆರಗಾದೆ. ಆದರೆ ಕೈಯಿಟ್ಟರೆ ಅದು ಮಾತು ಕೇಳುತ್ತಿರಲಿಲ್ಲ. ಒಂದು ಮನೆ ಸರಿಸಲು ಒತ್ತಿದರೆ ನಾಲ್ಕಾರು ಮನೆ ಓಡುತ್ತಿತ್ತು. ಬೆರಳು ಎತ್ತಿದ ಮೇಲೂ ಓಡುತ್ತಲೇ ಇರುತ್ತಿತ್ತು. ನಾನು ತುಂಬಿದ ಗಿಳಿಯ ಕೊಕ್ಕು ಪರದೆಯ ಅಂಚು ಮುಟ್ಟಿತು.

"ಇದು ಗಿಳಿ ಅಲ್ಲ ಟೀಚರ್, ಕೊಕ್ಕರೆ" ಎಂದಳು ಉದ್ದ ಜಡೆಯವಳು.

ಅಕ್ಕೋರು ನಗಲಿಲ್ಲ. ಆ ವಾರವೆಲ್ಲ ಅವರಿಗೆ ಊಟ ಸೇರಲಿಲ್ಲ. ತಾವು ಬರೆದದ್ದರಲ್ಲೇ ತಪ್ಪಿದೆ, ಯಾರಾದರೂ ನೋಡಿದರೆ ಇವರಿಗೆ ಬರುವುದಿಲ್ಲ ಎನ್ನುತ್ತಾರೆ, ಯಂತ್ರ ಬೇರೆಯವರ ಕೈಗೆ ಹೋಗುತ್ತದೆ, ತಾವು ಬೇಡವಾಗುತ್ತೇವೆ: ಒಂದರ ಹಿಂದೆ ಒಂದು.

ಭಾನುವಾರ ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಮೆಷಿನ್ ತುಳಿಯುತ್ತಿದ್ದೆ. ಅವರು ಅಕ್ಕಿ ಆರಿಸುತ್ತ ಸುಮ್ಮನೆ ನೋಡುತ್ತಿದ್ದರು. ಹೊಲಿಗೆಯ ತುದಿ ಬಂತು, ಕಾಲು ತೆಗೆದೆ, ಅಂಗೈಯನ್ನು ಗಾಲಿಯ ಮೇಲಿಟ್ಟೆ.

"ಕೈ ಯಾಕಿಟ್ಟೆ?"

"ಕಾಲು ತೆಗೆದ್ರೂ ಗಾಲಿ ನಿಲ್ಲಲ್ಲ ಅಕ್ಕ. ಇನ್ನೊಂದೆರಡು ಹೊಲಿಗೆ ಸುಮ್ಮನೆ ಬಿದ್ದುಬಿಡ್ತಾವೆ."

ಅವರು ಮೊರ ಕೆಳಗಿಟ್ಟರು. "ಸುಮ್ಮನೆ ಬಿದ್ದಿದ್ದು ನಮಗೆ ಬೇಡ" ಎಂದು ತಮಗೇ ಹೇಳಿಕೊಂಡಂತೆ ಎಂದರು. ಮರುದಿನ ಶಾಲೆಯಲ್ಲಿ ಪ್ರೋಗ್ರಾಂ ಸರಿಪಡಿಸಿದರು. ಯಂತ್ರ ಚಿತ್ರ ಬರೆಯುವುದು ನಿಧಾನ, ಒತ್ತಿ ಹಿಡಿದ ಗುಂಡಿ ಅದನ್ನು ಕೂಗುವುದು ಬೇಗ. ಬಾಕಿ ಉಳಿದ ಕೂಗುಗಳೆಲ್ಲ ರೇಷನ್ ಅಂಗಡಿ ಮುಂದಿನ ಜನರಂತೆ ಸಾಲು ನಿಂತಿರುತ್ತಿದ್ದವಂತೆ. ಬೆರಳು ಎದ್ದ ಮೇಲೂ ಚೌಕ ಓಡುತ್ತಿದ್ದದ್ದು ಅದಕ್ಕೆ. ಈಗ ಒಂದು ಮನೆ ಸರಿಸಿದ ಕೂಡಲೇ ಆ ಸಾಲನ್ನೇ ಚದುರಿಸಿಬಿಟ್ಟಿದ್ದರು. ಬೆರಳು ಮೇಲೇಳುವ ತನಕ ಎರಡನೆಯ ಮನೆಗೆ ಸರಿಯುವಂತೆಯೇ ಇರಲಿಲ್ಲ.

ಹುಡುಗಿಯರಿಗೆ ಅದನ್ನು ಹೇಳಿದ ರೀತಿ ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಮನೆ ಬಾಗಿಲಿಗೆ ಒಬ್ಬ ನೆಂಟ ಬಂದ. ದಬದಬ ದಬದಬ ಬಡಿದ. ಹತ್ತು ಸಲ ಸದ್ದಾತು ಅಂತ ಹತ್ತು ಜನಕ್ಕೆ ಎಲೆ ಹಾಕ್ತೀರೇನ್ರೇ?"

"ಇಲ್ರೀ ಅಕ್ಕೋರೆ!"

"ಬಂದೋನು ಎಷ್ಟು ಜನ?"

"ಒಬ್ಬನೇ!"

"ಮತ್ತೆ? ಒತ್ತಿದ್ದು ಒಂದೇ ಸಲ. ಬೆರಳು ಎದ್ದು ಮತ್ತೆ ಬಿದ್ರೆ ಆಗ ಎರಡು. ನಾವು ಕೇಳಬೇಕಾಗಿದ್ದು ಬೆರಳು ಒತ್ತೈತಾ ಅಂತಲ್ಲ, ಎದ್ದೈತಾ ಅಂತ."

ಆ ಬೆರಳಿನ ಮಾತು ಅವರದೇ ಮಾತಾಗಿತ್ತೆಂದು ನನಗೆ ತಿಳಿದದ್ದು ಮರುವರ್ಷ.

ಮೊದಲು ಬೋರ್ಡಿನ ಮೇಲಿನ ಅಕ್ಷರ ಸಣ್ಣದಾಯಿತು. ಸಾಲಿನ ಆರಂಭದಲ್ಲಿ ಅಗಲವಾಗಿದ್ದ ಅಂಕಿ ಕೊನೆಗೆ ಬರುವಷ್ಟರಲ್ಲಿ ಕುಗ್ಗಿ ಹೋಗುತ್ತಿತ್ತು. ಹಿಂದಿನ ಬೆಂಚಿನವರು ಮುಂದೆ ಬಂದು ಕೂರತೊಡಗಿದರು. ಚಹಾದ ಕಪ್ಪು ಬಸಿಯನ್ನು ಅಕ್ಕೋರು ಎಡಗೈಯಲ್ಲಿ ಹಿಡಿಯತೊಡಗಿದರು. ಸೆರಗಿಗೆ ಪಿನ್ನು ಹಾಕಿಕೊಡೆಂದು ನನ್ನ ಕೋಣೆಗೆ ಬರುವರು. ವಯಸ್ಸಾಯಿತೆಂದು ನಗುವರು. ಐವತ್ತೂ ಆಗಿರಲಿಲ್ಲ.

ಅದೇ ಹೊತ್ತಿಗೆ ಹುಡುಗಿಯರು ಕಂಪ್ಯೂಟರಿನ ಮೇಲೆ ದೂರು ತಂದರು. "ಅಕ್ಕೋರೆ, ಅಳಿಸೋ ಗುಂಡಿ ಹಿಡಿದ್ರೆ ಮುಂಚೆ ಸರಸರ ಅಳಿಸ್ತಿತ್ತು. ಈಗ ಒಂದಕ್ಷರ ಅಳಿಸಿ ತೂಕಡಿಸ್ತೈತೆ. ಚೂರು ಎಬ್ಬಿಸ್ರೀ ಅದನ್ನ." ಅಕ್ಕೋರು ಬೇರೆ ಮಾತು ತೆಗೆದರು. ಗುಂಡಿ ಹಿಡಿದಾಗ ಎರಡನೆಯ ಅಕ್ಷರ ಹಾಕುವ ಮುಂಚೆ ಯಂತ್ರ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಾವೇ ಹೇಳಿಕೊಡಬಹುದೆಂದು ಅವರು ನನಗೆ ಹಿಂದೊಮ್ಮೆ ತೋರಿಸಿದ್ದರು. ಹಾಗಾಗಿ ಆ ಕಾಯುವಿಕೆಯನ್ನು ಹೆಚ್ಚಿಸಿದವರು ಯಾರೆಂದು ನನಗೆ ತಿಳಿಯಿತು. ಯಾಕೆಂದು ತಿಳಿಯಲಿಲ್ಲ. ಹುಡುಗಿಯರ ಬೆರಳುಗಳೆಲ್ಲ ಚುರುಕಾಗಿಬಿಟ್ಟಿದ್ದವು. ಯಂತ್ರ ಅಷ್ಟು ಹೊತ್ತು ಕಾಯಬೇಕಾದಂಥ ನಿಧಾನದ ಬೆರಳು ಆ ಕೋಣೆಯಲ್ಲಿ ಯಾರದೂ ಇರಲಿಲ್ಲ.

ಸಂಜೆ ಮನೆಗೆ ನಡೆಯುವಾಗ ಕೇಳಿಯೇಬಿಟ್ಟೆ. ಅಕ್ಕೋರು ಸಂತೆ ಮೈದಾನದ ಬೇವಿನ ಮರದ ಹತ್ತಿರ ನಿಂತರು. ಎಡಗೈ ಬಿಚ್ಚಿ ಆ ಬೆರಳನ್ನು ತೋರಿಸಿದರು. ನೋಡಲು ಏನೂ ಆಗಿರಲಿಲ್ಲ ಅದಕ್ಕೆ.

"ನಡುಗಲ್ಲ, ನೋಯಲ್ಲ. ಒತ್ತು ಅಂದ್ರೆ ಇಳಿತೈತೆ ತಂಗಿ. ಏಳಾಕೆ ಮರೀತೈತೆ."

ನಾನು ಆ ಬೆರಳನ್ನು ಮುಟ್ಟಿ ನೋಡಿದೆ.

"ಬರೆಯಾಕೆ ಬರದ ಟೀಚರ್‌ನ ಯಾರು ಇಟ್ಕೊಳ್ತಾರೆ? ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ನನಗೆ ಮನೆ ಅಂದ್ರೆ ಯಾವುದು ಹೇಳು. ಸೊಕ್ಕೆ."

ಒತ್ತಾಯ ಮಾಡಿ ದಾವಣಗೆರೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಹೊನ್ನಾಳಿ ಸೇತುವೆ ದಾಟುವಾಗ, "ಬೀಗ?" ಎಂದು ಕೇಳಿದರು, ನಾನು ಕೀಲಿಯನ್ನೇ ಅವರ ಅಂಗೈಗೆ ಇಟ್ಟೆ. ನರದ ಕಾಯಿಲೆ, ನಿಧಾನ ಮಾಡುತ್ತ ಹೋಗುತ್ತದೆ, ಮಾತ್ರೆ ತಗೊಂಡರೆ ತಡೆಯಬಹುದು ಎಂದರು ಡಾಕ್ಟರು. ಎಷ್ಟು ಕಾಲ ಎಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆ ಮಳೆಗಾಲ ಕಳೆಯುತ್ತಲೇ ಶಿವಮೊಗ್ಗೆಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವ ಸುದ್ದಿ ಬಂತು. ಕಂಪ್ಯೂಟರ್ ಕೊಟ್ಟ ಶಾಲೆಗಳಲ್ಲಿ ಟೀಚರುಗಳು ಅದನ್ನು ಬಳಸಬಲ್ಲರೋ ಇಲ್ಲವೋ ಎಂದು ಮುಂದೆ ಕೂರಿಸಿ ನೋಡುತ್ತಾರಂತೆ.

ಅಕ್ಕೋರ ಸಂಕಟವನ್ನು ಹೇಗೆ ಬರೆಯಲಿ? ಮೊಣಕಾಲ ಮೇಲೆ ಬೆರಳಿಟ್ಟು ಒತ್ತಿ ಎತ್ತುವರು, ಒತ್ತಿ ಎತ್ತುವರು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಗೇಟಿನಿಂದ ವಾಪಸ್ ಹೋಗುವುದು ಹೆಚ್ಚಾಯಿತು. ಎದುರು ಮನೆಯ ಅಜ್ಜಿಯೂ ತಮಾಷೆ ನಿಲ್ಲಿಸಿ, "ಏನಾಗೈತಮ್ಮಾ ನಿಮ್ಮ ಅಕ್ಕಂಗೆ?" ಎಂದು ನನ್ನನ್ನು ಕೇಳಿತು. ಕೊನೆಗೆ ಒಂದು ಉಪಾಯ ಮಾಡಿದೆವು. ಸಾಹೇಬರು ಬರುವ ಮುಂಚೆಯೇ, ಬಾಗಿಲು ಹಾಕಿಕೊಂಡು, ನಿಧಾನವಾಗಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಹಾಕಿ, ಕಾಯುವಿಕೆಯನ್ನು ಹೆಚ್ಚಿಸಿ ಇಟ್ಟುಬಿಡುವುದು. ಆಮೇಲೆ ಬೆರಳು ಎಷ್ಟು ಹೊತ್ತು ಕೂತರೂ ಯಂತ್ರ ಒಂದು ಎಂದೇ ಎಣಿಸುತ್ತದೆ.

"ಕರೆಂಟ್ ಹೋಗಬಾರದು ಅಷ್ಟೇ" ಎಂದರು ಅಕ್ಕೋರು. "ಹೋದ್ರೆ ಹೇಳಿಕೊಟ್ಟಿದ್ದೆಲ್ಲ ಮರೆತುಬಿಡ್ತೈತೆ ಅದು."

ಲೈನ್‌ಮನ್ ಹೆಂಡತಿ ನನ್ನ ಹತ್ತಿರ ಹೊಲಿಗೆ ಕಲಿತವಳು. ಅವರ ಮನೆಗೆ ಹೋಗಿ ಹೇಳಿ ಬಂದೆ. "ನಮ್ಮನೆಯೋರ ಕೈಲೇನೈತ್ರೀ ಟೀಚರ್? ಶರಾವತಿಯಿಂದಾನೇ ಹೋದ್ರೆ ಇವರು ಕಂಬ ಹತ್ತಿ ಕುಂತ್ಕೊಂಡ್ರೆ ಬಂದೀತಾ?" ಎಂದು ನಕ್ಕಳು.

ಆ ದಿನ ಎಲ್ಲ ಸರಿಯಾಗಿಯೇ ಶುರುವಾಯಿತು. ಸಾಹೇಬರು ಬಂದರು, ಹಾರ ಆಯಿತು, ಚಪ್ಪಲಿ ಬಿಟ್ಟು ಒಳಗೆ ಬಂದರು. ನೀಲಿ ಗೌಸನ್ನು ಮುಟ್ಟಿ ನೋಡಿ "ಚೆನ್ನಾಗಿದೆ" ಎಂದರು. ಪರದೆಯ ಮೇಲೆ ಚೌಕುಳಿ ಸಿದ್ಧವಾಗಿತ್ತು. ಚಹಾ ಕೈಗೆ ಬಂದ ಹೊತ್ತಿಗೆ ಫ್ಯಾನು ನಿಧಾನವಾಯಿತು. ಪರದೆ ಕಪ್ಪಾಯಿತು.

ಸಾಹೇಬರು ನೆಮ್ಮದಿಯಿಂದ ಚಹಾ ಕುಡಿದರು. ಕಪ್ಪು ಕೆಳಗಿಡುವಷ್ಟರಲ್ಲಿ ಕರೆಂಟು ಮರಳಿ ಬಂತು. ಯಂತ್ರ "ಬೀಪ್" ಎಂದಿತು. ಬರಿದಾದ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿನುಗುತ್ತಿತ್ತು.

"ಒಳ್ಳೆಯದೇ ಆಯ್ತು. ಮೊದಲಿಂದ ನೀವೇ ಶುರು ಮಾಡಿ ತೋರಿಸಿ ಮೇಡಂ" ಎಂದರು ಸಾಹೇಬರು.

ಅಕ್ಕೋರು ಕೂತರು. ಎಡಗೈ ಆ ಬೆರಳನ್ನು ಬಿಟ್ಟಿತು. ಬೆರಳು ಇಳಿಯಿತು. ಒಂದು ಅಕ್ಷರ ಬಂತು. ಒಂದು ಕ್ಷಣ. ಆಮೇಲೆ ಪರದೆಯ ಅಡ್ಡಕ್ಕೆ ಅದೇ ಅಕ್ಷರ ಓಡಿತು, ಸಾಲು ಮುಗಿಸಿ ಎರಡನೆಯ ಸಾಲಿಗೆ ಇಳಿಯಿತು. ನಾನು ಕಿಟಕಿಯ ಪರದೆಯನ್ನು ಹಿಡಿದುಕೊಂಡು ನಿಂತಿದ್ದೆ. ನಾನೇ ಹಾಕಿದ ಅಂಚಿನ ಹೊಲಿಗೆ ಕೈಯಲ್ಲಿ ಬಿಚ್ಚಿ ಬಂತು.

"ಏನಾಯ್ತು?" ಎಂದರು ಸಾಹೇಬರು.

ಅಕ್ಕೋರು ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಆಗ ಹುಡುಗಿಯರ ಸಾಲಿನಿಂದ ದನಿ ಬಂತು.

"ಸರ್, ನಾನು ಒತ್ತಲಾ ಸರ್?"

ಉದ್ದ ಜಡೆಯವಳು. ಅನುಮತಿಗೆ ಕಾಯದೆ ಬಂದು ಒಂದು ಗುಂಡಿ ಒತ್ತಿ, ಒತ್ತಿ ಹಿಡಿದು ನಿಂತೇಬಿಟ್ಟಳು. ಪರದೆ ತುಂಬ ಅಕ್ಷರ. ನನಗೆ ಸಿಟ್ಟು ಬಂತು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಅವಳದೂ ಹಾಗೇ. ಮತ್ತೊಬ್ಬಳು. ವರ್ಷವಿಡೀ ಕಾದ ಹಂಚು ಮುಟ್ಟಿದಂತೆ ಮುಟ್ಟಿ ಬಿಡುತ್ತಿದ್ದ ಹುಡುಗಿಯರೆಲ್ಲ ಈಗ ಶಾವಿಗೆ ಒತ್ತುವವರಂತೆ ಒತ್ತುತ್ತಿದ್ದರು.

"ಏನ್ರೀ ಇದು, ಇಡೀ ಕ್ಲಾಸಿಗೆ ಇದೇ ರೋಗಾನಾ?" ಎಂದು ಸಾಹೇಬರು ನಕ್ಕರು.

ಅಕ್ಕೋರು ತಲೆ ಎತ್ತಿದರು. ಹುಡುಗಿಯರನ್ನು ನೋಡಿದರು. ಬಹಳ ಹೊತ್ತು ನೋಡಿದರು ಎಂದೇ ನನಗೆ ಅನ್ನಿಸಿತು. ಆಮೇಲೆ ಅವರ ಲೆಕ್ಕದ ದನಿ ಹೊರಟಿತು, ನಡುಗದ ದನಿ.

"ರೋಗ ಅಲ್ಲ ಸರ್. ಎಲ್ಲರ ಬೆರಳೂ ಒಂದೇ ಚುರುಕು ಅಂತ ತಿಳಕೊಂಡು ಯಂತ್ರ ಮಾಡಿರ್ತಾರೆ. ಹಂಗೆ ಇರಲ್ಲ. ನಿಧಾನದ ಬೆರಳೂ ಒತ್ತೋದು ಒಂದೇ ಸಲಾನೇ. ಅದಕ್ಕೇ ಒಂದು ಪ್ರೋಗ್ರಾಂ ಬರೆದೀನಿ, ನೋಡ್ರಿ."

ಉದ್ದ ಜಡೆಯವಳಿಗೆ ಒಂದೊಂದೇ ಅಕ್ಷರ ಹೇಳಿ ಕ್ಯಾಸೆಟ್ ಹಾಕಿಸಿದರು. ಈಗ ಅವಳ ಬೆರಳು ಗುಬ್ಬಿ ಕಾಳು ಹೆಕ್ಕಿದಂತೆ ಹೆಕ್ಕಿತು. ಒಂದು ಅಕ್ಷರವೂ ಎರಡಾಗಲಿಲ್ಲ. ಸಾಹೇಬರು ಅದನ್ನು ಗಮನಿಸಲಿಲ್ಲ, ಟೇಪ್ ರೆಕಾರ್ಡರಿನ ಕಿರ್ರೆನ್ನುವ ಸದ್ದಿಗೆ ಕಿವಿ ಮುಚ್ಚಿಕೊಂಡಿದ್ದರು. ನಾನು ಗಮನಿಸಿದೆ.

ಚೌಕುಳಿ ಬಂತು. ಅಕ್ಕೋರು ಸಾಹೇಬರನ್ನೇ ಕೂರಿಸಿದರು.

"ಒತ್ರಿ ಸರ್. ಬಿಡಬ್ಯಾಡ್ರಿ, ಹಿಡ್ಕೊಂಡೇ ಇರ್ರಿ."

ಚೌಕ ಒಂದು ಮನೆ ಸರಿದು ನಿಂತಿತು. ಸಾಹೇಬರು ಇನ್ನೂ ಬಲವಾಗಿ ಒತ್ತಿದರು. ನಿಂತೇ ಇತ್ತು. ಬೆರಳೆತ್ತಿ ಮತ್ತೆ ಒತ್ತಿದರು. ಇನ್ನೊಂದು ಮನೆ. ಅವರು ಮಗುವಿನ ಹಾಗೆ ಒತ್ತುತ್ತ, ಎತ್ತುತ್ತ ಗಿಳಿಯ ಅರ್ಧ ರೆಕ್ಕೆ ತುಂಬಿದರು.

"ಯಾರು ಬರೆದುಕೊಟ್ಟರು ಇದನ್ನ? ಮೈಸೂರಿನವರಾ?"

"ನಾನೇ ರೀ."

ಅವತ್ತು ಸಂಜೆ ಅಕ್ಕೋರು ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ ಗೇಟಿನಿಂದ ವಾಪಸ್ ಹೋಗಲಿಲ್ಲ. ಬೇವಿನ ಮರದ ತನಕ ಬಂದೆವು. ಅಲ್ಲಿಂದ ವಾಪಸ್ ಹೋದರು.

ಆಮೇಲೂ ಅವರು ಪಾಠ ಹೇಳಿದರು. ಬೋರ್ಡಿನ ಮೇಲೆ ಹುಡುಗಿಯರೇ ಬರೆಯುತ್ತಿದ್ದರು. ಅಕ್ಕೋರು ಹೇಳುತ್ತ ನಿಂತಿರುತ್ತಿದ್ದರು. ಹೆಡ್‌ಮಾಸ್ಟರಿಗೆ ಎಷ್ಟು ಗೊತ್ತಿತ್ತೋ, ಅವರು ಒಂದು ದಿನವೂ ಕೇಳಲಿಲ್ಲ. ದನಿಯೂ ಕ್ಷೀಣಿಸಿ ಹಿಂದಿನ ಬೆಂಚಿಗೆ ಮುಟ್ಟದಂತಾದಾಗ ತಾವೇ ಕೆಲಸ ಬಿಟ್ಟರು. ಸೊಕ್ಕೆಯಿಂದ ಅಣ್ಣ ಜೀಪು ಮಾಡಿಕೊಂಡು ಕರೆದೊಯ್ಯಲು ಬಂದ. ಅಕ್ಕೋರು ನನ್ನ ಕೈಯಿಂದ ಅಣ್ಣನಿಗೆ ಊಟ ಹಾಕಿಸಿ, ಎದುರು ಕೂತು, ಒಂದೊಂದೇ ಮಾತನ್ನು ಎತ್ತಿಡುವಂತೆ ಹೇಳಿದರು: "ಇಲ್ಲೇ ಇರ್ತೀನಣ್ಣ. ಇಲ್ಲಿ ನನಗೆ ಕೂರಾಕೆ ಜಾಗ ಐತೆ."

ಒಮ್ಮೆ ನಾನು ಚನ್ನಗಿರಿಗೆ ನೂಲು ತರಲು ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಉದ್ದ ಜಡೆಯವಳು ಸಿಕ್ಕಳು. ಮದುವೆಯಾಗಿ ಉಬ್ರಾಣಿಯಲ್ಲಿದ್ದಳು, ಕಂಕುಳಲ್ಲಿ ಕೂಸು. ಆ ದಿನದ್ದನ್ನು ಕೇಳಿದೆ.

"ನಾವೇನು ಕುರುಡ್ರಾ ಟೀಚರ್? ಬೋರ್ಡ್ ಮೇಲಿನ ಅಕ್ಷರ ಇರುವೆ ಆದಾಗಲೇ ಗೊತ್ತಿತ್ತು ಎಲ್ಲರಿಗೂ. ಅವತ್ತು ಅಕ್ಕೋರ ಮುಖ ನೋಡಾಕೆ ಆಗಲಿಲ್ಲ. ಒಬ್ಬರು ಮಾಡಿದ್ರೆ ತಪ್ಪು, ಎಲ್ಲರೂ ಮಾಡಿದ್ರೆ ವಾಡಿಕೆ ಅಲ್ವಾ?" ಎಂದು ನಕ್ಕು, ಕೂಸಿನ ಮೂಗು ಒರೆಸಿ ಬಸ್ಸು ಹತ್ತಿದಳು.

ಮನೆಗೆ ಬಂದು ಅಕ್ಕೋರಿಗೆ ಹೇಳಿದೆ. ಅವರ ಮುಖ ಆಗಲೇ ಹೆಚ್ಚು ಚಲಿಸುತ್ತಿರಲಿಲ್ಲ, ಕಣ್ಣು ಮಾತ್ರ ತುಂಬಿದವು. ಮೆಲ್ಲಗೆ, "ಅವಳ ಕಿವಿ ಹಿಂಡಿದ್ದೆ ಕಣೆ ನಾನು" ಎಂದರು.

ಕೊನೆಯ ದಿನಗಳಲ್ಲಿ ಅವರು ನನ್ನ ಮಣಿಕಟ್ಟಿನ ಮೇಲೆ ಆ ಬೆರಳನ್ನಿಟ್ಟು ಮಲಗಿರುತ್ತಿದ್ದರು. ಏನಾದರೂ ಬೇಕಾದರೆ ಒತ್ತುವರು. ನೀರಾ, ಮಗ್ಗುಲಾಗಬೇಕಾ, ಬೀಗವಾ ಎಂದು ನಾನು ಒಂದೊಂದೇ ಕೇಳುತ್ತ ಹೋಗುತ್ತಿದ್ದೆ; ಸರಿಯಾದದ್ದು ಬಂದಾಗ ಕಣ್ಣು ಮುಚ್ಚಿ ತೆರೆಯುವರು. ಆಮೇಲೂ ಬೆರಳು ಒತ್ತಿಯೇ ಇರುತ್ತಿತ್ತು. ಇನ್ನೂ ಏನೋ ಬೇಕೇನೋ ಎಂದು ಮೊದಮೊದಲು ಗಾಬರಿಯಾಗಿ ಮತ್ತೆ ಮತ್ತೆ ಕೇಳುತ್ತಿದ್ದೆ. ಆಮೇಲೆ ಅವರೇ ಕಲಿಸಿದ್ದು ನೆನಪಾಯಿತು, ಗಾಬರಿ ಬಿಟ್ಟೆ.

ಒಂದು ಮಧ್ಯಾಹ್ನ, ಎದುರು ಮನೆಯ ಅಜ್ಜಿ 'ಟಕ್ ಟಕ್' ಎಂದು ಎಲೆ ಅಡಿಕೆ ಕುಟ್ಟುವ ಸದ್ದು ಕೇಳುತ್ತಿದ್ದಾಗ, ಬೆರಳು ಒತ್ತಿತು. ನೀರು ಕೊಟ್ಟೆ. ಕುಡಿಯಲಿಲ್ಲ. ಬೀಗ ಹಾಕಿದೆ ಅಕ್ಕ, ನಾನೇ ಎಳೆದು ನೋಡಿದೆ ಎಂದೆ. ಕಣ್ಣು ಮುಚ್ಚಿದರು. ತೆರೆಯಲಿಲ್ಲ. ನಾನು ಕೈ ಎಳೆದುಕೊಳ್ಳಲಿಲ್ಲ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದು, ಅಂಗಳ ದಾಟಿ ಹೋಗುವ ತನಕ ಆ ಬೆರಳು ಹಾಗೇ ಇರಲೆಂದು ಕೂತಿದ್ದೆ.